ರಕ್ಷಕ, ಸೆನ್ಸಾರ್, ತಟಸ್ಥ: ಅಂತರ್ಜಾಲ ನಿಯಂತ್ರಣದ ಕೆಲವು ಪಠ್ಯಗಳ ಓದು

ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಮಕ್ಕಳ ತಂದೆತಾಯಿಯರ ಕೂಟಕ್ಕೆ ‘ರಕ್ಷಕ-ಶಿಕ್ಷಕ ಸಂಘ’ ಎಂದು ಹೆಸರು. ಮೈಸೂರು ಸೀಮೆಯ ಶಾಲಾ ಸುತ್ತೋಲೆಗಳಲ್ಲಿ ಅದೇ ಜನ ‘ಪೋಷಕರು’. ಉತ್ತರ ಕರ್ನಾಟಕದಲ್ಲಿ, ಮರಾಠಿಯ ನೆರೆಹೊರೆಯಲ್ಲಿ, ‘ಪಾಲಕರು’. ಮಲಯಾಳದಲ್ಲಿ ‘ರಕ್ಷಿತಾವ್’, ಸಂಘದ ಹೆಸರಿನಲ್ಲಿ ಇನ್ನೂ ಗಂಭೀರವಾಗಿ ‘ರಕ್ಷಾಕರ್ತೃ’. ತಮಿಳಿನ ‘ಪೆಟ್ರೋರ್’ ಹೆತ್ತವರನ್ನಷ್ಟೇ ಹೇಳುತ್ತದೆ, ತೆಲುಗಿನ ‘ತಲ್ಲಿದಂಡ್ರುಲು’ ತಾಯಿತಂದೆಯರನ್ನಷ್ಟೇ. ಹೆರುವುದು, ಉಣಿಸುವುದು, ಪಾಲಿಸುವುದು, ಕಾಯುವುದು: ಒಂದೇ ಸಂಬಂಧವನ್ನು ನಾಲ್ಕು ಕ್ರಿಯೆಗಳು ನಾಲ್ಕು ಕಡೆಯಿಂದ ಹಿಡಿಯುತ್ತವೆ. ಇಂಗ್ಲಿಷಿನ ‘ಪೇರೆಂಟ್’ ಮೂಲದಲ್ಲಿ ತಮಿಳಿನ ಪದದ ಒಡಹುಟ್ಟು. ಹೆರುವ ಕ್ರಿಯೆಯಿಂದ ಬಂದದ್ದು. ಆ ‘ಪೇರೆಂಟಲ್ ಕಂಟ್ರೋಲ್’ ಕನ್ನಡಕ್ಕೆ ಬಂದು ‘ಪೋಷಕರ ನಿಯಂತ್ರಣ’ವಾದಾಗ ಉಣಿಸುವ ಕೈ ತಡೆಯುವ ಕೈಯೂ ಆಗುತ್ತದೆ, ಪದಪುಂಜದಲ್ಲಿ ಸಣ್ಣದೊಂದು ತೊಡಕು ಉಳಿಯುತ್ತದೆ. ಕಾಸರಗೋಡಿನ ಕನ್ನಡದಲ್ಲಿ ಅದು ‘ರಕ್ಷಕರ ನಿಯಂತ್ರಣ’ವಾದರೆ ತೊಡಕೇ ಇಲ್ಲ. ಕಾವಲುಗಾರ ಕಾಯುತ್ತಾನೆ, ಅದರಲ್ಲಿ ಪ್ರಶ್ನಿಸುವುದೇನು?

ಅಂತರ್ಜಾಲದ ಮೇಲಿನ ನಿರ್ಬಂಧದ ಚರ್ಚೆಯನ್ನು ಸಾಮಾನ್ಯವಾಗಿ ಕಾನೂನು ಅಥವಾ ತಂತ್ರಜ್ಞಾನದ ವಿದ್ವಾಂಸರಿಗೆ ಬಿಟ್ಟುಕೊಡಲಾಗಿದೆ. ಆದರೆ ಈ ಚರ್ಚೆ ನಡೆದಿರುವುದು ತೀರ್ಪು, ನಿಯಮ, ಘೋಷಣೆ, ಪತ್ರಿಕಾ ಲೇಖನ, ವಿವರಣಾ ಟಿಪ್ಪಣಿಗಳಂಥ ಬರಹಗಳಲ್ಲಿ. ಅವುಗಳಿಗೆ ನಿರೂಪಕರಿದ್ದಾರೆ, ಪಾತ್ರಗಳಿವೆ, ರೂಪಕಗಳಿವೆ. ಎಲ್ಲಕ್ಕಿಂತ ಹೆಚ್ಚಾಗಿ ಅವುಗಳಲ್ಲೊಂದು ಮಗು ಇದೆ. ಆ ಮಗುವಿನ ವಯಸ್ಸು ಮಾತ್ರ ಪಠ್ಯದಿಂದ ಪಠ್ಯಕ್ಕೆ ವಿಚಿತ್ರವಾಗಿ ಏರಿಳಿಯುತ್ತದೆ.

ಗಡಿನಾಡಿನ ಓದುಗರಿಗೆ ಹತ್ತಿರದ್ದೂ ಈ ದೃಷ್ಟಿಯಿಂದ ಅತ್ಯಂತ ಸಮೃದ್ಧವೂ ಆದ ಪಠ್ಯವೆಂದರೆ ಫಹೀಮಾ ಶಿರಿನ್ ವಿರುದ್ಧ ಕೇರಳ ರಾಜ್ಯ ಪ್ರಕರಣದಲ್ಲಿ ಕೇರಳ ಹೈಕೋರ್ಟು 2019ರ ಸೆಪ್ಟೆಂಬರ್ 19ರಂದು ನೀಡಿದ ತೀರ್ಪು. ಬರೆದವರು ನ್ಯಾಯಮೂರ್ತಿ ಪಿ. ವಿ. ಆಶಾ. ಕೋಝಿಕ್ಕೋಡ್ ಜಿಲ್ಲೆಯ ಚೇಳನ್ನೂರಿನ ಅನುದಾನಿತ ಕಾಲೇಜೊಂದರಲ್ಲಿ ಇಂಗ್ಲಿಷ್ ಬಿ.ಎ. ಓದುತ್ತಿದ್ದ ವಿದ್ಯಾರ್ಥಿನಿ ಅರ್ಜಿದಾರಳು. ಹುಡುಗಿಯರ ಹಾಸ್ಟೆಲ್ಲಿನಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಮೊಬೈಲ್ ಬಳಸಬಾರದೆಂಬ ನಿಯಮವಿತ್ತು. 2019ರ ಜೂನ್ ಕೊನೆಯಲ್ಲಿ ಅದು ಸಂಜೆ 6ರಿಂದ ರಾತ್ರಿ 10ರ ನಿಷೇಧವಾಗಿ ಬದಲಾಯಿತು. ಒಪ್ಪದ ವಿದ್ಯಾರ್ಥಿನಿಗೆ ಹಾಸ್ಟೆಲ್ ತೆರವು ಮಾಡುವಂತೆ ಸೂಚನೆ ಬಂತು. ನ್ಯಾಯಾಲಯ ಅವಳನ್ನು ಮರಳಿ ಸೇರಿಸಿಕೊಳ್ಳಲು ಆದೇಶಿಸಿತು; ಅಂತರ್ಜಾಲದ ಬಳಕೆಯ ಹಕ್ಕು ಶಿಕ್ಷಣದ ಹಕ್ಕಿನ ಭಾಗ, ಸಂವಿಧಾನದ 21ನೇ ವಿಧಿಯಡಿಯ ಖಾಸಗಿತನದ ಹಕ್ಕಿನ ಭಾಗ ಎಂದಿತು. ಮಾನವ ಹಕ್ಕುಗಳ ಚರ್ಚೆಯಲ್ಲಿ ತೀರ್ಪು ಪ್ರಸಿದ್ಧವಾದದ್ದು ಈ ಒಂದು ವಾಕ್ಯಕ್ಕಾಗಿ. ಆದರೆ ಪಠ್ಯವಾಗಿ ಅದರ ಕುತೂಹಲ ಇರುವುದು ಬೇರೊಂದು ಕಡೆ.

ಕಾಲೇಜು ತನ್ನ ಪರವಾಗಿ ಮುಂದಿಟ್ಟ ಮುಖ್ಯ ಸಾಕ್ಷಿ ರಕ್ಷಕರು. ಉಳಿದ ಯಾವ ತಂದೆತಾಯಿಯರೂ ಆಕ್ಷೇಪಿಸಿಲ್ಲ, ನಿಯಮ ಅವರ ಆಶಯಕ್ಕೆ ಅನುಗುಣವಾಗಿದೆ ಎಂಬುದು ವಾದ. ಆದರೆ ಅರ್ಜಿದಾರಳ ತಂದೆ ಮಗಳ ಪರವಾಗಿದ್ದರು. ಹೀಗಾಗಿ ಪ್ರಕರಣದಲ್ಲಿ ಎರಡು ಬಗೆಯ ರಕ್ಷಕರು ಎದುರುಬದುರಾಗುತ್ತಾರೆ: ಬಹುಸಂಖ್ಯಾತ ರಕ್ಷಕರ ಮೌನ ಸಮ್ಮತಿ ಒಂದು, ಒಬ್ಬ ರಕ್ಷಕನ ಸ್ಪಷ್ಟ ಅನುಮತಿ ಇನ್ನೊಂದು. ಇಲ್ಲಿ ನಿಜವಾಗಿ ಯಾರ ನಿಯಂತ್ರಣ ಜಾರಿಯಲ್ಲಿತ್ತು? ತಂದೆಯ ಹೆಸರಿನಲ್ಲಿ ಹೇರಿದ ಕಾವಲು ತಂದೆಯ ಮಾತನ್ನೇ ಕೇಳಲಿಲ್ಲ. ‘ಪೇರೆಂಟಲ್ ಕಂಟ್ರೋಲ್’ ಎಂಬುದು ಮನೆಯ ಹೊಸ್ತಿಲು ದಾಟಿ ಸಂಸ್ಥೆಯ ಕೈಸೇರಿದಾಗ ‘ಪೇರೆಂಟ್’ ಎಂಬ ವಿಶೇಷಣ ಅಲಂಕಾರವಾಗಿ ಉಳಿದು ನಿಯಂತ್ರಣವೊಂದೇ ಕೆಲಸ ಮಾಡುತ್ತದೆ ಎಂಬುದಕ್ಕೆ ಇದಕ್ಕಿಂತ ಅಚ್ಚುಕಟ್ಟಾದ ನಿದರ್ಶನ ಸಿಗುವುದು ಕಷ್ಟ. ತೀರ್ಪು ಈ ಗಂಟನ್ನು ಬಿಡಿಸುವ ರೀತಿ ಗಮನಾರ್ಹ. ಅದು ತಂದೆಯ ಅನುಮತಿಯನ್ನು ಎತ್ತಿಹಿಡಿಯುವುದಿಲ್ಲ. ಹಾಸ್ಟೆಲ್ಲಿನಲ್ಲಿರುವವರು ವಯಸ್ಕರು, ಯಾವಾಗ ಹೇಗೆ ಓದಬೇಕೆಂಬುದನ್ನು ನಿರ್ಧರಿಸಬಲ್ಲವರು ಎಂದು ಕಾಲೇಜಿಗೂ ತಂದೆತಾಯಿಯರಿಗೂ ಒಟ್ಟಿಗೇ ನೆನಪಿಸುತ್ತದೆ. ಇಬ್ಬರು ರಕ್ಷಕರ ಜಗಳದಲ್ಲಿ ನ್ಯಾಯಾಲಯ ಒಬ್ಬ ಒಳ್ಳೆಯ ರಕ್ಷಕನನ್ನು ಆರಿಸಬಹುದಿತ್ತು. ರಕ್ಷಕನ ಅಗತ್ಯವೇ ಇಲ್ಲವೆಂದು ಹೇಳಿದ್ದು ಅದರ ಹೆಚ್ಚುಗಾರಿಕೆ.

ಆದರೂ ತೀರ್ಪಿನ ವಾದಸರಣಿಯಲ್ಲಿ ಒಂದು ಬಿರುಕು ಇದೆ, ಅದನ್ನು ಮೆಚ್ಚುಗೆಯ ಭರದಲ್ಲಿ ಮರೆಯಬಾರದು. ಮೊಬೈಲ್ ಇಲ್ಲಿ ಸಮರ್ಥನೆ ಪಡೆಯುವುದು ಮುಖ್ಯವಾಗಿ ಜ್ಞಾನದ ಸಾಧನವಾಗಿ: ಪಠ್ಯಕ್ಕೆ ಪೂರಕವಾಗಿ, ಆನ್‌ಲೈನ್ ತರಗತಿಯಾಗಿ, ಗ್ರಂಥಾಲಯವಾಗಿ. ಅರ್ಜಿದಾರಳು ತೀರ್ಪಿನ ಪುಟಗಳಲ್ಲಿ ಓದುವ ಹುಡುಗಿ. ಸಂಜೆ ಏಳು ಗಂಟೆಗೆ ಗೆಳತಿಯೊಡನೆ ಹರಟುವ, ಸಿನಿಮಾ ಹಾಡು ಕೇಳುವ, ಸುಮ್ಮನೆ ಬೆರಳಾಡಿಸುತ್ತ ಕೂರುವ ಹುಡುಗಿಗೆ ಅದೇ ಹಕ್ಕು ಅಷ್ಟೇ ಬಲವಾಗಿ ಸಿಗುತ್ತಿತ್ತೇ? ಖಾಸಗಿತನದ ಹಕ್ಕನ್ನು ಜೊತೆಗೆ ಸೇರಿಸಿರುವುದರಿಂದ ತಾತ್ವಿಕವಾಗಿ ಸಿಗಬೇಕು. ಆದರೆ ತೀರ್ಪಿನ ದನಿ ಹಕ್ಕಿಗಿಂತ ಹೆಚ್ಚಾಗಿ ಅರ್ಹತೆಯ ಕಡೆ ವಾಲುತ್ತದೆ.

ಕರಾವಳಿಯ ಸಾಹಿತ್ಯವನ್ನು ಬಲ್ಲವರಿಗೆ ಈ ಓದುವ ಹುಡುಗಿ ಹೊಸಬಳಲ್ಲ. 1889ರ ‘ಇಂದುಲೇಖಾ’ ಮಲಬಾರಿನಲ್ಲಿ ಮುನ್ಸೀಫರಾಗಿದ್ದ ಒ. ಚಂದು ಮೇನೋನ್ ಅವರದು. 1899ರ ‘ಇಂದಿರಾಬಾಯಿ’ ದಕ್ಷಿಣ ಕನ್ನಡದಲ್ಲಿ ಪೊಲೀಸ್ ಅಧಿಕಾರಿಯಾಗಿದ್ದ ಗುಲ್ವಾಡಿ ವೆಂಕಟರಾಯರದು. ಎರಡೂ ಜಿಲ್ಲೆಗಳು ಆಗ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿದ್ದವು, ಕಾಸರಗೋಡು ದಕ್ಷಿಣ ಕನ್ನಡದ ತಾಲೂಕಾಗಿತ್ತು. ಎರಡು ಭಾಷೆಗಳ ಮೊದಲ ಪ್ರಮುಖ ಸಾಮಾಜಿಕ ಕಾದಂಬರಿಗಳೆಂದು ಹೆಸರಾದ ಈ ಕೃತಿಗಳಲ್ಲಿ ವಿದ್ಯೆಯ ಮೂಲಕ ತನ್ನ ಬದುಕನ್ನು ತಾನೇ ನಿರ್ಧರಿಸಲು ಹೊರಟ ತರುಣಿ ಇದ್ದಾಳೆ, ಅವಳಿಗೆ ಎದುರಾಗಿ ಮನೆಯ ಹಿರಿಯರಿದ್ದಾರೆ. ಬರೆದವರು ವಸಾಹತು ಆಡಳಿತದ ನ್ಯಾಯ ಮತ್ತು ಪೊಲೀಸ್ ಇಲಾಖೆಗಳವರು ಎಂಬುದು ಕಾಕತಾಳೀಯವಿದ್ದರೂ ಅರ್ಥಪೂರ್ಣ. ಮನೆಯ ರಕ್ಷಕನ ವಿರುದ್ಧ ತರುಣಿಗೆ ಆಸರೆಯಾಗಿ ಆ ಕಾದಂಬರಿಗಳು ತೋರಿಸಿದ್ದು ಇಂಗ್ಲಿಷ್ ವಿದ್ಯೆಯನ್ನೂ ಹೊಸ ಆಡಳಿತದ ಲೋಕವನ್ನೂ. ನೂರಿಪ್ಪತ್ತು ವರ್ಷಗಳ ಬಳಿಕ ಅದೇ ಕರಾವಳಿಯಲ್ಲಿ ಇಂಗ್ಲಿಷ್ ಬಿ.ಎ. ಓದುವ ತರುಣಿಯೊಬ್ಬಳು ನ್ಯಾಯಾಲಯದ ಮೆಟ್ಟಿಲೇರಿದಾಗ ಕಥನದ ಅಚ್ಚು ಮೊದಲೇ ಸಿದ್ಧವಿತ್ತು. ಸದ್ವಿನಿಯೋಗ ಮಾಡುವವಳಿಗೆ ಸ್ವಾತಂತ್ರ್ಯ ಎಂಬ ಷರತ್ತು ಆ ಅಚ್ಚಿನೊಳಗೇ ಇದೆ.

ಸೆನ್ಸಾರನ್ನು ವಿರೋಧಿಸುವವರೂ ಮಗುವಿನ ರೂಪಕವನ್ನು ಬಿಟ್ಟಿಲ್ಲ. ಇಂಗ್ಲೆಂಡಿನ ಪಾರ್ಲಿಮೆಂಟು 1643ರಲ್ಲಿ ಪುಸ್ತಕಗಳಿಗೆ ಮುದ್ರಣಪೂರ್ವ ಪರವಾನಗಿ ಕಡ್ಡಾಯ ಮಾಡಿದಾಗ ಮಿಲ್ಟನ್ ಮರುವರ್ಷ ‘ಏರಿಯೋಪಜಿಟಿಕಾ’ ಬರೆದ. ಅವನ ಆಕ್ಷೇಪಗಳಲ್ಲಿ ತೀಕ್ಷ್ಣವಾದದ್ದು, ಪರವಾನಗಿ ಪ್ರೌಢ ಲೇಖಕನನ್ನು ಮೇಷ್ಟ್ರ ಬೆತ್ತದಡಿಯ ಬಾಲಕನ ಸ್ಥಿತಿಗೆ ತರುತ್ತದೆ ಎಂಬುದು. ಅವಮಾನ ಇರುವುದು ತಡೆಯಲ್ಲಿ ಅಷ್ಟಾಗಿ ಅಲ್ಲ, ವಯಸ್ಸನ್ನು ಕಳೆದುಕೊಳ್ಳುವುದರಲ್ಲಿ. ಇದೇ ಮಿಲ್ಟನ್ ತನ್ನ ಸಹನೆಯನ್ನು ಕ್ಯಾಥೊಲಿಕರಿಗೆ ವಿಸ್ತರಿಸಲಿಲ್ಲ. 1651ರ ಹೊತ್ತಿಗೆ ಸರಕಾರದ ಪರವಾಗಿ ಸುದ್ದಿಪತ್ರವೊಂದಕ್ಕೆ ಪರವಾನಗಿ ಕೊಡುವ ಕೆಲಸವನ್ನೂ ಮಾಡಿದ. ಅವನ ವಾದದ ಬೆಲೆ ಇದರಿಂದ ಕಡಿಮೆಯಾಗುವುದಿಲ್ಲ. ಬೆತ್ತವನ್ನು ದ್ವೇಷಿಸಿದವನ ಕೈಗೂ ಬೆತ್ತ ಬರಬಹುದೆಂಬುದಕ್ಕೆ ಮಾತ್ರ ಅದು ದಾಖಲೆ.

1996ರ ಫೆಬ್ರವರಿ 8ರಂದು ಅಮೆರಿಕದಲ್ಲಿ ದೂರಸಂಪರ್ಕ ಕಾಯಿದೆಗೆ ಅಂಕಿತ ಬಿತ್ತು. ಅದರೊಳಗೆ ಅಂತರ್ಜಾಲದಲ್ಲಿನ ಅಸಭ್ಯತೆಯನ್ನು ಶಿಕ್ಷಿಸುವ ಭಾಗವೂ ಇತ್ತು. ಅದೇ ದಿನ ದಾವೋಸ್‌ನಲ್ಲಿ ಕುಳಿತು ಜಾನ್ ಪೆರಿ ಬಾರ್ಲೋ ಸೈಬರ್ ಜಗತ್ತಿನ ಸ್ವಾತಂತ್ರ್ಯ ಘೋಷಣೆ ಬರೆದ. ಇಂದು ಓದಿದರೆ ಅದರ ವೀರಾವೇಶ ಸ್ವಲ್ಪ ಹಳಸಿದೆ. ಕಂಪನಿಗಳ ಅಧಿಕಾರದ ಬಗ್ಗೆ ಅದಕ್ಕೆ ಬಹುತೇಕ ಏನೂ ಗೊತ್ತಿಲ್ಲ. ಆದರೆ ಒಂದು ಕಡೆ ಬಾರ್ಲೋ ಮಿಲ್ಟನ್ನನ ರೂಪಕವನ್ನು ತಲೆಕೆಳಗು ಮಾಡುತ್ತಾನೆ: ಮಕ್ಕಳು ಹೊಸ ಲೋಕದ ಮೂಲನಿವಾಸಿಗಳು, ಹಿರಿಯರು ಅಲ್ಲಿಗೆ ವಲಸೆ ಬಂದವರು; ಆ ಭಯದಿಂದಲೇ ಹಿರಿಯರು ತಂದೆತಾಯ್ತನದ ಹೊಣೆಯನ್ನು ಸರಕಾರಿ ಕಚೇರಿಗಳಿಗೆ ವಹಿಸುತ್ತಾರೆ. ಯಾರು ಒಕ್ಕಲು, ಯಾರು ವಲಸಿಗ ಎಂಬ ಪ್ರಶ್ನೆಯ ಭಾರವನ್ನು ಗಡಿನಾಡಿನವರು ಬಲ್ಲರು. ತಲೆತಲಾಂತರದಿಂದ ಇದ್ದ ಊರಿನಲ್ಲೇ ರಾಜ್ಯದ ಗೆರೆ ಸರಿದಾಗ ಹೊರಗಿನವರಾಗುವ ಅನುಭವವನ್ನು ಬಾರ್ಲೋ ಕಲ್ಪಿಸಿಕೊಂಡಿರಲಿಲ್ಲ. ಅವನ ಲೋಕದಲ್ಲಿ ಗಡಿಗಳೇ ಇಲ್ಲ.

ಆ ಅಸಭ್ಯತೆಯ ನಿಬಂಧನೆಯನ್ನು ಅಮೆರಿಕದ ಸುಪ್ರೀಂ ಕೋರ್ಟು 1997ರಲ್ಲಿ ರದ್ದುಪಡಿಸಿತು. ಕಾರಣಗಳಲ್ಲಿ ಒಂದು, ಮನೆಯಲ್ಲೇ ತಂದೆತಾಯಿಯರು ಬಳಸಬಹುದಾದ ಸೋಸುವ ತಂತ್ರಾಂಶ ಸಿಗುವಾಗ ಎಲ್ಲರ ಬಾಯಿಗೂ ಬೀಗ ಬೇಡ ಎಂಬುದು. ಪೋಷಕರ ನಿಯಂತ್ರಣ ಕಾನೂನಿನ ಕಥನದಲ್ಲಿ ಕಾಲಿಟ್ಟದ್ದು ಹೀಗೆ, ಸ್ವಾತಂತ್ರ್ಯದ ಮಿತ್ರನಾಗಿ. ಆರೇ ವರ್ಷಗಳಲ್ಲಿ, 2003ರಲ್ಲಿ, ಸರಕಾರಿ ನೆರವು ಪಡೆಯುವ ಸಾರ್ವಜನಿಕ ಗ್ರಂಥಾಲಯಗಳು ಅಂಥದೇ ಸೋಸುಗಳನ್ನು ಅಳವಡಿಸಬೇಕೆಂಬ ಕಾಯಿದೆಯನ್ನು ಅದೇ ನ್ಯಾಯಾಲಯ ಎತ್ತಿಹಿಡಿಯಿತು. ಮನೆಯ ಬಾಗಿಲ ಅಗುಳಿ ಗ್ರಂಥಾಲಯದ ಬಾಗಿಲಿಗೆ ಬಂತು. ಚೇಳನ್ನೂರಿನ ಹಾಸ್ಟೆಲ್ಲು ಇದೇ ಚಲನೆಯ ಇನ್ನೊಂದು ನಿಲ್ದಾಣ.

ಮಕ್ಕಳಿಗಾಗಿ ಸೋಸುವುದು ಪುಸ್ತಕಲೋಕದಲ್ಲೂ ಹಳೆಯ ಪದ್ಧತಿ, ಅದರ ಅತ್ಯಂತ ವ್ಯಂಗ್ಯದ ಉದಾಹರಣೆ ರೇ ಬ್ರಾಡ್‌ಬರಿಯದು. ಪುಸ್ತಕ ಸುಡುವ ಸಮಾಜದ ಕುರಿತ ಅವನ ‘ಫ್ಯಾರನ್‌ಹೀಟ್ 451’ ಪ್ರಕಟವಾದದ್ದು 1953ರಲ್ಲಿ. 1967ರಿಂದ ಶಾಲೆಗಳಿಗೆಂದು ಪ್ರಕಾಶಕರು ತಂದ ಆವೃತ್ತಿಯಲ್ಲಿ ಲೇಖಕನಿಗೂ ತಿಳಿಸದೆ ಹತ್ತಾರು ಕಡೆ ಪದಗಳನ್ನು ತಿದ್ದಲಾಗಿತ್ತು. ಅದು ಅವನ ಗಮನಕ್ಕೆ ಬರಲು ಹನ್ನೆರಡು ವರ್ಷ ಹಿಡಿಯಿತು. ಆ ಕೃತಿಯ ಹೆಸರಿನ ಅಂಕಿಯನ್ನೇ 2016ರಲ್ಲಿ ಅಂತರ್ಜಾಲದ ತಾಂತ್ರಿಕ ಮಾನಕಗಳಿಗೆ ಸೇರಿಸಲಾಯಿತು: ಕಾನೂನಿನ ಕಾರಣದಿಂದ ಪುಟವೊಂದನ್ನು ತಡೆದರೆ ‘451’ ಎಂಬ ಸಂಕೇತ ತೋರಿಸಬೇಕು, ತಡೆಗೆ ಕಾರಣವಾದ ಕಾನೂನಿನ ಬೇಡಿಕೆ ಯಾವುದೆಂದು ವಿವರಿಸಬೇಕು ಎಂಬುದು ಅದರ ಆಶಯ. ಸೆನ್ಸಾರನ ಹೆಸರನ್ನು ಕೇಳುವ ಮಾನಕ ಅದು.

ಭಾರತದಲ್ಲಿ ತಡೆಗೊಳಗಾದ ಪುಟವನ್ನು ತೆರೆದವರಿಗೆ ಸಾಮಾನ್ಯವಾಗಿ ಕಾಣುವುದು ಇಂಗ್ಲಿಷಿನ ಒಂದೆರಡು ಸಾಲು. ದೂರಸಂಪರ್ಕ ಇಲಾಖೆಯ ನಿರ್ದೇಶನದಂತೆ ಈ ವಿಳಾಸ ತಡೆಯಲ್ಪಟ್ಟಿದೆ ಎಂಬರ್ಥದ ಕರ್ಮಣಿ ಪ್ರಯೋಗ. ಕೆಲವೊಮ್ಮೆ ಅದೂ ಇಲ್ಲ, ಪುಟ ತೆರೆಯುವುದೇ ಇಲ್ಲ. ಯಾಕೆ ಎಂಬ ಪ್ರಶ್ನೆಗೆ ಉತ್ತರವಿಲ್ಲದಿರುವುದು ಅಚಾತುರ್ಯವಲ್ಲ. ಮಾಹಿತಿ ತಂತ್ರಜ್ಞಾನ ಕಾಯಿದೆಯ 69ಎ ವಿಧಿಯಡಿ ರಚಿತವಾದ 2009ರ ನಿಯಮಗಳಲ್ಲಿ 16ನೆಯದು ದೂರುಗಳನ್ನೂ ಅವುಗಳ ಮೇಲಿನ ಕ್ರಮವನ್ನೂ ಕಟ್ಟುನಿಟ್ಟಾಗಿ ಗೋಪ್ಯವಾಗಿಡಬೇಕೆನ್ನುತ್ತದೆ. ಕಾರಣಗಳನ್ನು ಬರಹದಲ್ಲಿ ದಾಖಲಿಸಬೇಕೆಂಬುದು ಕಾಯಿದೆಯಲ್ಲೇ ಇದೆ. 2015ರ ಮಾರ್ಚ್ 24ರ ಶ್ರೇಯಾ ಸಿಂಘಾಲ್ ತೀರ್ಪು ಈ ವಿಧಿಯನ್ನು ಉಳಿಸಿದ್ದು ಇಂಥ ರಕ್ಷಣೆಗಳು ಇವೆ ಎಂಬ ಆಧಾರದ ಮೇಲೆ. ಬರೆಯಲೇಬೇಕು, ಆದರೆ ಓದಿಸಬಾರದು: ಓದುಗರಿಲ್ಲದ ಸಾಹಿತ್ಯ ಪ್ರಕಾರವೊಂದು ಹೀಗೆ ಸರಕಾರಿ ಕಡತಗಳಲ್ಲಿ ಬೆಳೆಯುತ್ತಿದೆ.

ಪಠ್ಯ ಪರಿಷ್ಕರಣದಲ್ಲಿ ಪಳಗಿದವರಿಗೆ ಇನ್ನೊಂದು ಸಂಗತಿ ರುಚಿಸಬಹುದು. ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿಯ ಸಂಶೋಧಕರು 2019ರ ಕೊನೆಗೆ ಪ್ರಕಟಿಸಿದ ಅಧ್ಯಯನದ ಪ್ರಕಾರ ಬೇರೆ ಬೇರೆ ಅಂತರ್ಜಾಲ ಕಂಪನಿಗಳು ತಡೆಯುತ್ತಿದ್ದ ತಾಣಗಳ ಪಟ್ಟಿಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಮೂಲಪ್ರತಿ ಗೋಪ್ಯ, ಸಿಗುವುದು ಲಿಪಿಕಾರರ ಪ್ರತಿಗಳು ಮಾತ್ರ, ಅವುಗಳಲ್ಲಿ ಹೇರಳ ಪಾಠಾಂತರ. ಯಾವುದು ಅಧಿಕಾರಿಯ ಆಜ್ಞೆ, ಯಾವುದು ಕಂಪನಿಯ ಪ್ರಕ್ಷೇಪ ಎಂದು ನಿರ್ಧರಿಸಲು ಶುದ್ಧಪ್ರತಿಯೇ ಇಲ್ಲ. 2015ರ ಜುಲೈ 31ರಂದು 857 ತಾಣಗಳನ್ನು ಸಭ್ಯತೆ, ನೈತಿಕತೆಗಳ ಹೆಸರಿನಲ್ಲಿ ತಡೆಯಲು ಇಲಾಖೆ ಆದೇಶಿಸಿ, ಕೆಲವೇ ದಿನಗಳಲ್ಲಿ ಮಕ್ಕಳ ಅಶ್ಲೀಲ ಚಿತ್ರಗಳಿರುವವನ್ನು ಬಿಟ್ಟು ಉಳಿದವನ್ನು ತೆರೆಯಬಹುದೆಂದಾಗ ಈ ಗೊಂದಲ ಪ್ರಹಸನದ ಮಟ್ಟ ಮುಟ್ಟಿತು. ಯಾವುದರಲ್ಲಿ ಏನಿದೆಯೆಂದು ಪರಿಶೀಲಿಸುವ ಹೊಣೆ ತಂತಿ ಎಳೆಯುವ ಕಂಪನಿಗಳ ಪಾಲಾಯಿತು. ಅದಕ್ಕೆ ಮೊದಲು, ಅದೇ ತಿಂಗಳು, ವಯಸ್ಕನೊಬ್ಬ ತನ್ನ ಕೋಣೆಯೊಳಗೆ ನೋಡುವುದನ್ನು ತಡೆಯುವುದು ಹೇಗೆಂದು ಮುಖ್ಯ ನ್ಯಾಯಮೂರ್ತಿ ಎಚ್. ಎಲ್. ದತ್ತು ಮೌಖಿಕವಾಗಿ ಪ್ರಶ್ನಿಸಿದ್ದರು. ಆದೇಶ ನಾಡಿನ ವಯಸ್ಕರನ್ನೆಲ್ಲ ಹದಿನೆಂಟರ ಕೆಳಗೆ ಇಳಿಸಿತು. ತಿದ್ದುಪಡಿ ಮತ್ತೆ ಮೇಲೆತ್ತಿತು.

ಶ್ರೇಯಾ ಸಿಂಘಾಲ್ ತೀರ್ಪು ಒಂದು ಅರ್ಥದಲ್ಲಿ ವಿಶೇಷಣಗಳ ವಿಮರ್ಶೆ. ಕಿರಿಕಿರಿ, ಅನನುಕೂಲ, ತೀವ್ರ ಆಕ್ಷೇಪಾರ್ಹತೆ ಎಂಬಂಥ ಪದಗಳಿಗೆ ಅಂಚೇ ಇಲ್ಲವೆಂಬುದು 66ಎ ವಿಧಿ ಬಿದ್ದುಹೋಗಲು ಕಾರಣ. ಅದರೊಂದಿಗೆ ಕೇರಳ ಪೊಲೀಸ್ ಕಾಯಿದೆಯ 118(ಡಿ) ಕೂಡ ಬಿತ್ತು. 2020ರ ನವೆಂಬರಿನಲ್ಲಿ ಕೇರಳ ಸರಕಾರ ಸುಗ್ರೀವಾಜ್ಞೆಯ ಮೂಲಕ 118ಎ ಎಂಬ ಹೊಸ ಸೆಕ್ಷನ್ ತಂದು, ವಿರೋಧ ಎದ್ದ ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡಿತು. ದ್ವಿಭಾಷಿಕ ಪ್ರದೇಶದಲ್ಲಿ ಇಂಥ ವಿಶೇಷಣಗಳ ಅಪಾಯ ಇಮ್ಮಡಿ. ಒಂದು ಭಾಷೆಯ ಸಲುಗೆ ಇನ್ನೊಂದರ ಬೈಗುಳ. ಕನ್ನಡದ ‘ಪಟ್ಟಿ’ಯನ್ನೇ ನೋಡಬಹುದು: ಮಲಯಾಳದಲ್ಲಿ ಅದು ನಾಯಿ, ಸಿಟ್ಟಿನಲ್ಲಿ ಆಡಿದರೆ ಬೈಗುಳ. ರೋಮನ್ ಅಕ್ಷರಗಳಲ್ಲಿ ಕಳುಹಿಸಿದ ಕನ್ನಡ ಸಂದೇಶದಲ್ಲಿ ಮತದಾರರ ಪಟ್ಟಿಯೂ ಫಲಾನುಭವಿಗಳ ಪಟ್ಟಿಯೂ ಪದ ನೋಡಿ ಸೋಸುವ ಯಂತ್ರಕ್ಕೆ ಹೇಗೆ ಕಂಡೀತು? 1996ರಲ್ಲಿ ಇಂಗ್ಲೆಂಡಿನ ಸ್ಕಂಥಾರ್ಪ್ ಊರಿನವರು ತಮ್ಮ ಊರ ಹೆಸರಿನೊಳಗೆ ಅಡಗಿದ ಅಕ್ಷರಗಳ ದೆಸೆಯಿಂದ ಅಮೆರಿಕದ ಕಂಪನಿಯೊಂದರ ಸೇವೆಗೆ ನೋಂದಾಯಿಸಿಕೊಳ್ಳಲಾಗದೆ ಹೋದದ್ದು ಈ ಬಗೆಯ ತೊಂದರೆಗೆ ಹೆಸರನ್ನೇ ಕೊಟ್ಟಿತು. ಸ್ಕಂಥಾರ್ಪಿನದು ಒಂದು ಭಾಷೆಯೊಳಗಿನ ತಪ್ಪು. ಎರಡು ಭಾಷೆಗಳ ನಡುವಿನ ಪದಗಳನ್ನು ಯಂತ್ರ ಅಳೆಯುವುದು ಅವುಗಳಲ್ಲಿ ದೊಡ್ಡದಾದ ಭಾಷೆಯ ಕೋಲಿನಿಂದ.

ಪ್ರಾಸಂಗಿಕವಾಗಿ ಒಂದು ಮಾತು. ರೋಮಿನ ಸೆನ್ಸಾರ್ ಪ್ರಜೆಗಳ ನಡತೆಯನ್ನು ನೋಡುತ್ತಿದ್ದವನು ಮಾತ್ರ ಆಗಿರಲಿಲ್ಲ, ತಲೆ ಎಣಿಸುತ್ತಿದ್ದವನೂ ಅವನೇ. ‘ಸೆನ್ಸಸ್’ ಮತ್ತು ‘ಸೆನ್ಸಾರ್’ ಒಂದೇ ಧಾತುವಿನವು. ಜನಗಣತಿಯ ಭಾಷಾ ಕೋಷ್ಟಕದಲ್ಲಿ ತಮ್ಮ ಹಕ್ಕುಗಳ ಆಧಾರವನ್ನು ಹುಡುಕಬೇಕಾದ ಅಲ್ಪಸಂಖ್ಯಾತರಿಗೆ ಈ ಬೆಸುಗೆ ಪ್ರಾಚೀನ ಕುತೂಹಲವಾಗಿ ತೋರಲಾರದು.

ಇನ್ನು ತಾಟಸ್ಥ್ಯ. ಟಿಮ್ ವು 2003ರ ಲೇಖನದಲ್ಲಿ ಚಲಾವಣೆಗೆ ತಂದ ‘ನೆಟ್‌ವರ್ಕ್ ನ್ಯೂಟ್ರಾಲಿಟಿ’ ಎಂಬ ಪರಿಕಲ್ಪನೆ ಕನ್ನಡ, ಮರಾಠಿ, ತೆಲುಗುಗಳಲ್ಲಿ ‘ತಟಸ್ಥ’ದ ಮೂಲಕ ಬರುತ್ತದೆ, ತಮಿಳಿನಲ್ಲಿ ‘ನಡುನಿಲೈ’. ತಟಸ್ಥ ದಡದ ಮೇಲೆ ನಿಂತವನು. ನಡುನಿಲೈ ನಡುವೆ ನಿಲ್ಲುವುದು. ದಡದವನಿಗೆ ಹರಿವಿನ ಗೊಡವೆ ಇಲ್ಲ, ನಡುವೆ ನಿಂತವನು ತಕ್ಕಡಿ ಹಿಡಿದಿದ್ದಾನೆ. ತಂತಿಯ ಒಡೆಯ ತಂತಿಯಲ್ಲಿ ಹರಿಯುವ ಪೊಟ್ಟಣಗಳಲ್ಲಿ ಭೇದ ಮಾಡಬಾರದೆಂಬ ತತ್ತ್ವಕ್ಕೆ ಮೇಲ್ನೋಟಕ್ಕೆ ಮೊದಲನೆಯದೇ ಒಪ್ಪುತ್ತದೆ. ಆದರೆ ದಡದಲ್ಲಿ ನಿಲ್ಲುವಂತೆ ಅವನನ್ನು ಕಟ್ಟಿಹಾಕಲು ನಡುವೆ ನಿಂತ ಇನ್ನೊಬ್ಬ ಬೇಕು. ಭಾರತದಲ್ಲಿ ಆ ಇನ್ನೊಬ್ಬನ ಪಾತ್ರ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನದಾಯಿತು. 2015ರಲ್ಲಿ ಅದರ ಸಮಾಲೋಚನಾ ಪತ್ರಕ್ಕೆ ಉತ್ತರವಾಗಿ ಹತ್ತು ಲಕ್ಷಕ್ಕೂ ಮಿಕ್ಕ ಇಮೇಲ್‌ಗಳು ಬಂದವು.

ಆ ವರ್ಷದ ಡಿಸೆಂಬರ್ ಕೊನೆಯಲ್ಲಿ ಮಾರ್ಕ್ ಝುಕರ್‌ಬರ್ಗ್ ಟೈಮ್ಸ್ ಆಫ್ ಇಂಡಿಯಾದಲ್ಲಿ ‘ಫ್ರೀ ಬೇಸಿಕ್ಸ್’ ಪರವಾಗಿ ಬರೆದ ಲೇಖನ ಈ ಕಾಲದ ರಕ್ಷಕ ಗದ್ಯದ ಮಾದರಿ. ಆಯ್ದ ಕೆಲವು ತಾಣಗಳನ್ನು ಡೇಟಾ ಶುಲ್ಕವಿಲ್ಲದೆ ಕೊಡುವ ಆ ಯೋಜನೆಯನ್ನು ಅವರು ಸಾರ್ವಜನಿಕ ಗ್ರಂಥಾಲಯ, ಆಸ್ಪತ್ರೆ, ಶಾಲೆಗಳಿಗೆ ಹೋಲಿಸಿದರು: ಅಲ್ಲಿ ಎಲ್ಲವೂ ಇರುವುದಿಲ್ಲ, ಇರುವಷ್ಟರಿಂದ ಒಳಿತಾಗುತ್ತದೆ. ಲೇಖನದಲ್ಲಿ ಮಹಾರಾಷ್ಟ್ರದ ರೈತನೊಬ್ಬ ಬರುತ್ತಾನೆ. ಹವಾಮಾನ ನೋಡುತ್ತಾನೆ, ಬೆಲೆ ತಿಳಿಯುತ್ತಾನೆ. ಇಂಥವನಿಗೆ ಸಿಗುವ ಉಪಕಾರದಿಂದ ಅಂತರ್ಜಾಲಕ್ಕೆ ಏನು ಕೇಡು ಎಂಬುದು ಪ್ರಶ್ನೆ. ಹೋಲಿಕೆ ಆಕರ್ಷಕವಾಗಿದೆ, ಆದರೆ ಕುಂಟುತ್ತದೆ. ಗ್ರಂಥಾಲಯದ ಕಪಾಟನ್ನು ತುಂಬುವವರು ಸಾರ್ವಜನಿಕರಿಗೆ ಉತ್ತರ ಹೇಳಬೇಕಾದವರು. ಇಲ್ಲಿ ಕಪಾಟು, ಕಟ್ಟಡ, ಬಾಗಿಲು, ಓದುಗರ ಹಾಜರಿ ಪುಸ್ತಕ ಎಲ್ಲವೂ ಒಬ್ಬನದೇ. ಆ ರೈತನೂ ಮಾತಾಡುವುದಿಲ್ಲ, ಅವನ ಕುರಿತು ಮಾತಾಡಲಾಗುತ್ತದೆ. ಅವನಿಗೆ ಬೇಕಾದದ್ದು ಹವಾಮಾನ ಮತ್ತು ಬೆಲೆ ಎಂದು ತೀರ್ಮಾನಿಸಿದವರು ಬೇರೆ. ಚೇಳನ್ನೂರಿನ ಹುಡುಗಿ ಪಾಠಕ್ಕಾಗಿ ಫೋನ್ ಹಿಡಿಯಬೇಕು, ಈ ರೈತ ಬೆಳೆಗಾಗಿ. ರಾಜಕೀಯ ಓದುವ ರೈತ, ಲಾವಣಿ ಕೇಳುವ ರೈತ, ಜಮೀನಿನ ಕಾಯಿದೆಯ ಕುರಿತು ತಂಟೆ ತೆಗೆಯುವ ರೈತ ಆ ಲೇಖನದಲ್ಲಿ ಹುಟ್ಟಲಾರ.

2016ರ ಫೆಬ್ರವರಿ 8ರಂದು, ಬಾರ್ಲೋನ ಘೋಷಣೆಗೆ ಸರಿಯಾಗಿ ಇಪ್ಪತ್ತು ವರ್ಷ ತುಂಬಿದ ದಿನ, ಟ್ರಾಯ್ ತಾರತಮ್ಯದ ಡೇಟಾ ದರಗಳನ್ನು ನಿಷೇಧಿಸುವ ನಿಯಮಾವಳಿ ಹೊರಡಿಸಿತು. ಮೀರಿದರೆ ದಿನಕ್ಕೆ 50,000 ರೂಪಾಯಿ ದಂಡ, ಗರಿಷ್ಠ 50 ಲಕ್ಷ. ನಿಯಮಗಳಿಗಿಂತ ಅದರೊಂದಿಗಿರುವ ವಿವರಣಾ ಟಿಪ್ಪಣಿ ಉತ್ತಮ ಗದ್ಯ. ಬಹುಪಾಲು ಜನ ಇನ್ನೂ ಅಂತರ್ಜಾಲಕ್ಕೆ ಕಾಲಿಡದ ದೇಶದಲ್ಲಿ ಪ್ರವೇಶದ ಸ್ವರೂಪವನ್ನು ಕಂಪನಿಗಳು ನಿರ್ಧರಿಸಿದರೆ ಬಳಕೆದಾರನ ಅಂತರ್ಜಾಲದ ಅನುಭವವನ್ನೇ ಅವು ರೂಪಿಸಿದಂತಾಗುತ್ತದೆ ಎಂಬುದು ಅದರ ತಿರುಳು. ಹೊಸಬನಿಗೆ ಮೊದಲು ಸ್ವಲ್ಪವೇ ಕೊಡಬೇಕೆಂಬುದು ಝುಕರ್‌ಬರ್ಗ್ ವಾದ. ಹೊಸಬನಾದ್ದರಿಂದಲೇ ಅವನಿಗೆ ಪೂರ್ತಿ ಸಿಗಬೇಕೆಂಬುದು ಟ್ರಾಯ್ ವಾದ. ಸರಕಾರಿ ದಸ್ತಾವೇಜೊಂದು ಅನನುಭವಿಯನ್ನು ಮಗುವೆಂದು ಭಾವಿಸಲು ಒಪ್ಪದಿರುವುದು ಅಪರೂಪ. ಇದೇ ರಾಜ್ಯವ್ಯವಸ್ಥೆ 69ಎ ವಿಧಿಯಡಿ ಕಾರಣ ಹೇಳದೆ ಪುಟಗಳನ್ನು ಮುಚ್ಚುತ್ತಲೂ ಇದೆ. ಕಂಪನಿಯ ಭೇದಕ್ಕೆ ಕಡಿವಾಣ, ತನ್ನ ಭೇದಕ್ಕೆ ಗೋಪ್ಯತೆ: ಇವೆರಡನ್ನೂ ಒಟ್ಟಿಗೆ ಓದುವ ಅಭ್ಯಾಸ ಕನ್ನಡದ ಚರ್ಚೆಯಲ್ಲಿ ಇನ್ನೂ ಬೆಳೆದಿಲ್ಲ.

ಭಾಷೆಯ ಪ್ರಶ್ನೆ ಇಲ್ಲಿಯೇ ಇದೆ. ಗ್ಲೋಬಲ್ ವಾಯ್ಸಸ್ ಸಂಸ್ಥೆ 2017ರಲ್ಲಿ ಆರು ದೇಶಗಳಲ್ಲಿ ಫ್ರೀ ಬೇಸಿಕ್ಸನ್ನು ಪರೀಕ್ಷಿಸಿ ನೋಡಿದಾಗ ಬಹುಭಾಷಿಕ ಸಮಾಜಗಳ ಭಾಷಾ ಅಗತ್ಯವನ್ನು ಅದು ಪೂರೈಸುತ್ತಿಲ್ಲವೆಂಬುದು ಮುಖ್ಯ ತೀರ್ಮಾನಗಳಲ್ಲೊಂದಾಗಿತ್ತು. ಯಾರೋ ಆಯ್ದ ಪಟ್ಟಿಯಲ್ಲಿ ಸಣ್ಣ ಭಾಷೆಯ ಸರದಿ ಬರುವುದು ಕೊನೆಗೆ. ಅದರಲ್ಲೂ ಒಂದು ರಾಜ್ಯದ ದೊಡ್ಡ ಭಾಷೆ ಇನ್ನೊಂದು ರಾಜ್ಯದಲ್ಲಿ ಸಣ್ಣದಾಗಿರುವಲ್ಲಿ, ಪ್ರದೇಶಕ್ಕೊಂದು ಭಾಷೆ ಎಂದು ಹೊಂದಿಸಿದ ಪಟ್ಟಿಗಳಿಗೆ ಆ ಸಣ್ಣತನ ಕಾಣುವುದೇ ಇಲ್ಲ. 2020ರ ಜೂನ್ 1ರಂದು ಕೇರಳದಲ್ಲಿ ‘ಫಸ್ಟ್ ಬೆಲ್’ ಪಾಠಗಳು ವಿಕ್ಟರ್ಸ್ ವಾಹಿನಿಯಲ್ಲಿ ಆರಂಭವಾದವು. ವಾಹಿನಿಯ ವೇಳೆಯ ಬಹುಪಾಲು ಮಲಯಾಳಕ್ಕೆ ಮೀಸಲಾಗಿತ್ತು. ಕಾಸರಗೋಡಿನ ಕನ್ನಡ ಮಾಧ್ಯಮದ ಪಾಠಗಳು ಮಕ್ಕಳನ್ನು ತಲುಪಿದ್ದು ಮುಖ್ಯವಾಗಿ ಯೂಟ್ಯೂಬ್ ಮತ್ತು ಸ್ಥಳೀಯ ಕೇಬಲ್ ಜಾಲದ ಮೂಲಕ. ಬಹುಸಂಖ್ಯಾತ ಭಾಷೆಯ ಮಗುವಿಗೆ ಟೀವಿ ಸಾಕಾಗಬಹುದಿತ್ತು. ಕೇಬಲ್ ಇಲ್ಲದ ಮನೆಯ ಕನ್ನಡದ ಮಗುವಿಗೆ ಅಂತರ್ಜಾಲ ಬೇಕೇ ಬೇಕಿತ್ತು. ಫೋನನ್ನು ಮಕ್ಕಳ ಕೈಯಿಂದ ದೂರವಿಡಿ ಎಂಬ ಸದುದ್ದೇಶದ ಸಲಹೆ ಎಲ್ಲ ಮಕ್ಕಳಿಗೂ ಒಂದೇ ಬೆಲೆಯಲ್ಲಿ ಬರುವುದಿಲ್ಲ. ಭಾಷಾ ಅಲ್ಪಸಂಖ್ಯಾತರ ಮನೆಯಲ್ಲಿ ಆ ಫೋನು ತನ್ನ ಲಿಪಿಯ ಪತ್ರಿಕೆ, ಗಡಿಯಾಚೆಯ ಯಕ್ಷಗಾನ, ನೆಂಟರ ಮಾತು ಎಲ್ಲವೂ ಆಗಿದೆ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯಿದೆಯಲ್ಲಿ ಮಗು ಮರಳಿ ಬರುತ್ತದೆ, ಈ ಬಾರಿ ಖಚಿತ ವಯಸ್ಸಿನೊಂದಿಗೆ: ಹದಿನೆಂಟು ತುಂಬದವರೆಲ್ಲ ಮಕ್ಕಳು. ಅವರ ದತ್ತಾಂಶ ಬಳಸಲು ತಂದೆತಾಯಿಯರ ಪರಿಶೀಲಿಸಬಹುದಾದ ಸಮ್ಮತಿ ಬೇಕು. ಅವರ ಚಲನವಲನವನ್ನು ಹಿಂಬಾಲಿಸುವುದು, ಅವರನ್ನೇ ಗುರಿಯಾಗಿಸಿ ಜಾಹೀರಾತು ತೋರಿಸುವುದು ನಿಷಿದ್ಧ. ಎರಡನೆಯ ಭಾಗ ಸ್ವಾಗತಾರ್ಹ. ಮೊದಲನೆಯದು ಎಂಟು ವರ್ಷದವಳನ್ನೂ ಹದಿನೇಳರ ಕಾಲೇಜು ವಿದ್ಯಾರ್ಥಿನಿಯನ್ನೂ ಒಂದೇ ತೊಟ್ಟಿಲಲ್ಲಿ ಮಲಗಿಸುತ್ತದೆ. ಸಮ್ಮತಿಯ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಇರಬೇಕೆಂದು ಕಾಯಿದೆ ಹೇಳುತ್ತದೆ. ಹೀಗಾಗಿ ತಾಳವಾಡಿಯ ಅಥವಾ ಮಡಕಶಿರದ ಕನ್ನಡಿಗ, ತಾನಿರುವ ರಾಜ್ಯ ಯಾವುದೇ ಇರಲಿ, ಕನ್ನಡದಲ್ಲಿ ಕೇಳಬಹುದು. ಭಾಷೆಯನ್ನು ನೆಲದಿಂದ ಬಿಡಿಸಿ ವ್ಯಕ್ತಿಗೆ ಕಟ್ಟಿದ ಈ ಸಣ್ಣ ಉಪವಾಕ್ಯ ಗಡಿನಾಡಿನ ಸಂಘಟನೆಗಳ ಗಮನಕ್ಕೆ ಬರಬೇಕಾದದ್ದು. ಅನುಸೂಚಿಯ ಹೊರಗಿರುವ ತುಳುವಿಗೆ, ನೀಲಗಿರಿಯ ಬಡಗ ಭಾಷೆಗೆ ಆ ಅನುಕೂಲವಿಲ್ಲ. ಆ ಮನೆಗಳಲ್ಲಿ ಸಮ್ಮತಿ ಕೊಡಬೇಕಾದ ಹಿರಿಯರಿಗೆ ಸೂಚನೆಯನ್ನು ಓದಿ ಅರ್ಥ ಹೇಳುವವರು ಬಹುಮಟ್ಟಿಗೆ ಶಾಲೆಗೆ ಹೋಗುವ ಮಕ್ಕಳೇ ಆಗಿರುತ್ತಾರೆ.

ಆದರೆ ಈ ಕಾಯಿದೆಯಲ್ಲಿ ಸಾಹಿತ್ಯದ ಓದುಗರನ್ನು ತಡೆದು ನಿಲ್ಲಿಸಬೇಕಾದದ್ದು ಪರಿಭಾಷೆಗಳ ಅಧ್ಯಾಯ. ದತ್ತಾಂಶ ಯಾರಿಗೆ ಸಂಬಂಧಿಸಿದೆಯೋ ಆ ವ್ಯಕ್ತಿಯನ್ನು ‘ಡೇಟಾ ಪ್ರಿನ್ಸಿಪಲ್’ ಎಂದು ಕರೆದು, ಆ ವ್ಯಕ್ತಿ ಮಗುವಾಗಿದ್ದಲ್ಲಿ ಆ ಪದ ಮಗುವಿನ ತಂದೆತಾಯಿಯರನ್ನೂ ಕಾನೂನುಬದ್ಧ ಪಾಲಕರನ್ನೂ ಒಳಗೊಳ್ಳುತ್ತದೆ ಎಂದು ಅಲ್ಲಿ ಬರೆದಿದೆ. ರಕ್ಷಕ ಇಲ್ಲಿ ಮಗುವಿನ ಬದಿಯಲ್ಲಾಗಲಿ ಬಾಗಿಲಲ್ಲಾಗಲಿ ನಿಂತಿಲ್ಲ. ವ್ಯಾಖ್ಯೆಯ ಬಲದಿಂದ ಮಗುವಿನ ‘ತಾನು’ ಎಂಬುದರೊಳಗೇ ಸೇರಿಹೋಗಿದ್ದಾನೆ. ಚೇಳನ್ನೂರಿನ ವಿದ್ಯಾರ್ಥಿನಿ ಒಂದೆರಡು ವರ್ಷ ಚಿಕ್ಕವಳಾಗಿದ್ದು, ತಂದೆಯೂ ಕಾಲೇಜಿನ ಪರವಾಗಿಯೇ ಇದ್ದಿದ್ದರೆ ಈ ವ್ಯಾಖ್ಯೆಯಡಿ ಅವಳ ಅಸಮ್ಮತಿಯನ್ನು ಯಾರದೆಂದು ದಾಖಲಿಸಬೇಕಾಗುತ್ತಿತ್ತು ಎಂಬುದಕ್ಕೆ ಕಾಯಿದೆಯ ಪಠ್ಯದಲ್ಲಿ ಸ್ಥಳ ಕಾಣುವುದಿಲ್ಲ.